‘ಸೂಪರ್’ ಅಂದವರನ್ನು ಬಿಡಿ, ಮೊಬೈಲ್ ತೆಗೆದವರನ್ನು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಕಾಲೇಜು ಹುಡುಗ ಹುಡುಗಿಯರು ಮಾಡಿದ ಮ್ಯೂಸಿಕ್ ವಿಡಿಯೊಗಳ ಬಗ್ಗೆಯೇ ಜಾಸ್ತಿ. ಅವುಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದ ಇದೆ, ಯಾಕಂದ್ರೆ ಉಳಿದವರ ಅರ್ಧ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ.

ಪ್ರಶ್ನೆ: ನಾವು ಐದು ಜನ ಸೇರಿ ಪ್ರಾಜೆಕ್ಟ್‌ಗೆ ಅಂತ ನಾಲ್ಕು ನಿಮಿಷದ ಮ್ಯೂಸಿಕ್ ವಿಡಿಯೊ ಮಾಡಿದ್ದೇವೆ. ಹಾಡು ನಮ್ಮ ಕ್ಲಾಸಿನ ಹುಡುಗಿಯೇ ಬರೆದದ್ದು. ಒಬ್ಬ ಅಜ್ಜ ಬತ್ತಿದ ಕೆರೆಯ ಏರಿ ಮೇಲೆ ನಡೆಯುತ್ತಾ ತನ್ನ ಬಾಲ್ಯ ನೆನೆಯುವ ಕಥೆ. ಕ್ಲಾಸಿನಲ್ಲಿ ತೋರಿಸಿದಾಗ ಎಲ್ಲರೂ ‘ಸೂಪರ್’ ಅಂದರು. ಮೇಡಂ ಮಾತ್ರ ‘ಸ್ವಲ್ಪ ಉದ್ದ ಆಯ್ತು’ ಅಂದರು. ಒಬ್ಬ ಗೆಳೆಯ ‘ಡ್ರೋನ್ ಶಾಟ್ ಇರಬೇಕಿತ್ತು’ ಅಂದ. ಇದನ್ನು ಇಟ್ಟುಕೊಂಡು ವಿಡಿಯೊ ಹೇಗೆ ಸುಧಾರಿಸೋದು? ಸಲ್ಲಿಸೋಕೆ ಇನ್ನೂ ಮೂರು ವಾರ ಇದೆ.
— ವಿದ್ಯಾರ್ಥಿನಿ, ದಾವಣಗೆರೆ

ಮೂರು ವಾರ ಧಾರಾಳವಾಯಿತು. ಬಹಳ ಜನ ಎಲ್ಲ ಮುಗಿಸಿ, ಅಪ್‌ಲೋಡ್ ಮಾಡಿ, ಸ್ಟೇಟಸ್‌ಗೂ ಹಾಕಿ, ಆಮೇಲೆ ‘ಹೇಗಿದೆ’ ಅಂತ ಕೇಳುತ್ತಾರೆ. ಆಗ ಯಾರು ಏನು ಹೇಳಿ ಏನು ಪ್ರಯೋಜನ, ಅಲ್ವಾ?

ಮೊದಲು ‘ಸೂಪರ್’ ವಿಷಯ. ನೀವು ಬಿಸಿಲಲ್ಲಿ ಟ್ರೈಪಾಡ್ ಹೊತ್ತು ತಿರುಗಿದ್ದು ಕ್ಲಾಸಿನವರಿಗೆ ಗೊತ್ತು. ಹಾಡು ಬರೆದವಳು ಅವರ ಪಕ್ಕದ ಬೆಂಚಿನಲ್ಲೇ ಕೂತಿದ್ದಾಳೆ. ಅವರು ಇನ್ನೇನು ಹೇಳಿಯಾರು? ಆ ಪ್ರೀತಿ ನಿಮಗೆ ಇರಲಿ, ಆದರೆ ಎಡಿಟಿಂಗ್‌ಗೆ ಅದರಿಂದ ಏನೂ ಸಿಗಲ್ಲ. ನಿಮಗೆ ಬೇಕಾದವರು ಕಥೆ ಗೊತ್ತಿಲ್ಲದವರು. ಕಾಮರ್ಸ್ ವಿಭಾಗದವರು, ಹಾಸ್ಟೆಲ್‌ನಲ್ಲಿ ಅಡುಗೆ ಮಾಡುವವರು, ಪಕ್ಕದ ಮನೆಯ ಹೈಸ್ಕೂಲ್ ಹುಡುಗ, ಅವನ ಅಜ್ಜಿ. ಏಳೆಂಟು ಜನ ಸಾಕು. ಒಬ್ಬೊಬ್ಬರಿಗೇ ತೋರಿಸಿ. ಗುಂಪಿನಲ್ಲಿ ತೋರಿಸಿದರೆ ಮೊದಲು ಬಾಯಿ ಬಿಟ್ಟವರು ಹೇಳಿದ್ದಕ್ಕೇ ಉಳಿದವರೂ ಹೂಂಗುಟ್ಟುತ್ತಾರೆ.

ತೋರಿಸುವ ಪ್ರತಿಯಲ್ಲಿ ಮೂಲೆಯಲ್ಲಿ ಟೈಮ್‌ಕೋಡ್, ಅಂದರೆ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ ತೋರಿಸುವ ಅಂಕಿ, ಓಡುತ್ತಿರಲಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲೂ ‘ಡೇಟಾ ಬರ್ನ್-ಇನ್’ ಅಂತ ಇದೆ, ಅದನ್ನು ಆನ್ ಮಾಡಿದರೆ ಆಯಿತು. ಆಗ ‘ಮಧ್ಯದಲ್ಲಿ ಎಲ್ಲೋ ಬೋರ್ ಆಯ್ತು’ ಎನ್ನುವವರು ‘1:50ರ ಹತ್ತಿರ ಬೋರ್ ಆಯ್ತು’ ಅನ್ನುತ್ತಾರೆ. ತೋರಿಸುವ ಮುಂಚೆ ಏನೂ ವಿವರಿಸಬೇಡಿ. ‘ಇನ್ನೂ ಕಲರ್ ಆಗಿಲ್ಲ, ಕೊನೆ ಶಾಟ್ ಬದಲಾಗುತ್ತೆ’ ಅಂತ ಶುರು ಮಾಡಿದರೆ ಅವರು ಪಾಪ ಅಂತ ರಿಯಾಯಿತಿ ಕೊಟ್ಟು ನೋಡುತ್ತಾರೆ. ನೀವು ಪಕ್ಕಕ್ಕೆ ಕೂತು, ಪರದೆ ಬಿಟ್ಟು ಅವರನ್ನೇ ನೋಡಿ. ಯಾವ ಸೆಕೆಂಡಿಗೆ ಕೈ ಮೊಬೈಲ್ ಕಡೆ ಹೋಯಿತು, ಎಲ್ಲಿ ಹುಬ್ಬು ಗಂಟಿಕ್ಕಿತು, ನಗಬಾರದ ಕಡೆ ಎಲ್ಲಿ ನಕ್ಕರು, ಎಲ್ಲ ಬರೆದುಕೊಳ್ಳಿ. ಬಾಯಿ ಮುಲಾಜಿಗೆ ‘ಚೆನ್ನಾಗಿದೆ’ ಅಂದುಬಿಡುತ್ತದೆ. ಕೈಗೆ ಆ ಮುಲಾಜು ಇರಲ್ಲ.

ನಗು ಅಂದೆನಲ್ಲ, ಅದಕ್ಕೊಂದು ಹಳೆಯ ಉದಾಹರಣೆ ಇದೆ. ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್ ಅವರ ‘ಸನ್‌ಸೆಟ್ ಬುಲೆವಾರ್ಡ್’ 1950ರಲ್ಲಿ ಬಿಡುಗಡೆಯಾದ ಸಿನಿಮಾ. ಮೊದಲು ಅದು ಶುರುವಾಗುತ್ತಿದ್ದದ್ದು ಶವಾಗಾರದಲ್ಲಿ, ಹೆಣಗಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವ ದೃಶ್ಯದಿಂದ. ಬಿಡುಗಡೆಗೆ ಮುಂಚೆ ಪ್ರೇಕ್ಷಕರಿಗೆ ತೋರಿಸಿದಾಗ ಅವರು ನಕ್ಕುಬಿಟ್ಟರು. ವೈಲ್ಡರ್ ಆ ಆರಂಭವನ್ನೇ ತೆಗೆದರು. ಆದರೆ ಸತ್ತವನೇ ಕಥೆ ಹೇಳಬೇಕು ಎನ್ನುವ ಯೋಚನೆಯನ್ನು ಬಿಡಲಿಲ್ಲ, ನೋಡಿ. ಈಗಿರುವ ಸಿನಿಮಾದಲ್ಲೂ ಈಜುಕೊಳದಲ್ಲಿ ಹೆಣ ತೇಲುತ್ತಿದೆ, ದನಿ ಅವನದ್ದೇ. ಪ್ರೇಕ್ಷಕರು ಬೇಡ ಅಂದದ್ದು ಹೇಳುವ ರೀತಿಯನ್ನು ಮಾತ್ರ ಅಂತ ಅವರಿಗೆ ಅರ್ಥವಾಗಿತ್ತು. ನೀವು ಕಲಿಯಬೇಕಾದದ್ದು ಈ ಬೇರ್ಪಡಿಸುವ ಕೆಲಸವನ್ನೇ.

ವಿಡಿಯೊ ಮುಗಿದ ಮೇಲೆ ‘ಇಷ್ಟ ಆಯ್ತಾ’ ಅಂತ ಕೇಳಬೇಡಿ. ‘ಏನು ನಡೀತು, ಹೇಳಿ ನೋಡೋಣ’ ಅನ್ನಿ. ಸುಮ್ನೆ ಕೇಳಿಸಿಕೊಳ್ಳಿ, ಮಧ್ಯೆ ತಿದ್ದಬೇಡಿ. ನಿಮ್ಮ ಕಥೆಯಲ್ಲಿ ನನಗೆ ಕಾಣುವ ಅಪಾಯದ ಜಾಗ ಒಂದಿದೆ. ಅಜ್ಜ ಏರಿ ಮೇಲೆ ನಡೆಯುತ್ತಿದ್ದಾರೆ, ಕಟ್ ಆದರೆ ಒಬ್ಬ ಹುಡುಗ ನೀರಿಗೆ ಕಲ್ಲು ಎಸೆಯುತ್ತಿದ್ದಾನೆ. ಆ ಹುಡುಗ ಅಜ್ಜನೇ ಅಂತ ನಿಮಗೆ ಗೊತ್ತು. ನೋಡುವವರಿಗೆ ಅವನು ಮೊಮ್ಮಗ ಅನ್ನಿಸಬಹುದು. ಹಾಗೇನಾದರೂ ಅನ್ನಿಸಿದರೆ ಅವರ ಕಥೆಯಲ್ಲಿ ಕೆರೆ ಬತ್ತೇ ಇಲ್ಲ! ಅಂಥ ಉತ್ತರ ಇಬ್ಬರು ಮೂವರಿಂದ ಬಂದರೆ ಸೆಪಿಯಾ ಬಣ್ಣ ಬಳಿದು ‘ಫ್ಲ್ಯಾಶ್‌ಬ್ಯಾಕ್’ ಅಂತ ಸಾರುವ ಅಗತ್ಯವಿಲ್ಲ. ಇಬ್ಬರ ಮೈಮೇಲೂ ಒಂದೇ ಗುರುತು ಇಡಿ. ಹುಡುಗನ ತೋಳಿನಲ್ಲಿ ಇರುವ ತಾಯಿತವೇ ಅಜ್ಜನ ತೋಳಿನಲ್ಲೂ ಇರಲಿ, ಅದು ಕಾಣುವ ಎರಡು ಕ್ಲೋಸಪ್ ಮತ್ತೆ ತೆಗೆಯಿರಿ. ಅರ್ಧ ದಿನದ ಶೂಟಿಂಗ್ ಅಷ್ಟೇ. ಎರಡೂ ಶಾಟ್‌ನಲ್ಲಿ ತೋಳು ಫ್ರೇಮಿನ ಒಂದೇ ಕಡೆ ಇದ್ದರೆ ಕಣ್ಣು ತಾನೇ ಜೋಡಿಸಿಕೊಳ್ಳುತ್ತದೆ.

‘ಉದ್ದ ಆಯ್ತು’ ಎಂಬ ಮೇಡಂ ಮಾತಿಗೆ ಹಾಡನ್ನೇ ಕತ್ತರಿಸೋಕೆ ಹೋಗಬೇಡಿ. ಉದ್ದ ಅನ್ನಿಸೋದು ಬಹಳ ಸಲ ನಿಮಿಷ ಜಾಸ್ತಿಯಾಗಿ ಅಲ್ಲ, ಹೊಸದೇನೂ ಬಾರದೆ. ವಿದ್ಯಾರ್ಥಿಗಳ ವಿಡಿಯೊಗಳಲ್ಲಿ ಪಲ್ಲವಿ ವಾಪಸ್ ಬಂದಾಗಲೆಲ್ಲ ಅದೇ ಮರ, ಅದೇ ಹಾಡುಗಾರ, ಅದೇ ಕೋನ. ಮೂರನೇ ಸಲ ಮರ ಬಂದಾಗ ನೋಡುವವರಿಗೆ ವಿಡಿಯೊ ಮತ್ತೆ ಮೊದಲಿನಿಂದ ಶುರುವಾದ ಹಾಗಾಗುತ್ತದೆ. ಪಲ್ಲವಿ ಬಂದಾಗಲೆಲ್ಲ ಏನಾದರೂ ಒಂದು ಹೆಜ್ಜೆ ಮುಂದೆ ಹೋಗಿರಬೇಕು. ಮೊದಲ ಸಲ ಅಜ್ಜ ಏರಿಯ ಈ ತುದಿಯಲ್ಲಿ, ಎರಡನೇ ಸಲ ತೂಬಿನ ಹತ್ತಿರ, ಮೂರನೇ ಸಲ ಕೆರೆಯಂಗಳದ ಬಿರುಕು ಮಣ್ಣಿನಲ್ಲಿ. ಮತ್ತೆ ಒಂದು ಮಾತು. ಚೆನ್ನಾಗಿರುವ ಎಲ್ಲ ಶಾಟ್‌ಗಳನ್ನೂ ಮೊದಲ ನಿಮಿಷದಲ್ಲೇ ಖರ್ಚು ಮಾಡಿಬಿಡುವ ಅಭ್ಯಾಸ ಹುಡುಗರಲ್ಲಿ ಇದೆ. ಒಂದೆರಡನ್ನು ಎರಡನೇ ಚರಣಕ್ಕೆ ಕಾಪಾಡಿಕೊಳ್ಳಿ.

ಡ್ರೋನ್ ಕೇಳಿದ ಗೆಳೆಯನನ್ನೂ ತಳ್ಳಿಹಾಕಬೇಡಿ. ನೋಡುವವರಿಗೆ ತೊಂದರೆ ಎಲ್ಲಿದೆ ಅಂತ ಸರಿಯಾಗಿ ಗೊತ್ತಾಗುತ್ತದೆ, ಪರಿಹಾರ ಮಾತ್ರ ಬಾಯಿಗೆ ಬಂದದ್ದು ಹೇಳುತ್ತಾರೆ. ಅವನಿಗೆ ಕೆರೆ ಎಷ್ಟು ದೊಡ್ಡದು, ಅಜ್ಜ ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದಾರೆ ಅಂತ ತಿಳಿದಿಲ್ಲ. ಇಡೀ ವಿಡಿಯೊ ಕ್ಲೋಸಪ್‌ನಲ್ಲೇ ಇದೆಯೇನೋ, ನೋಡಿಕೊಳ್ಳಿ. ಹತ್ತಿರದ ಗುಡ್ಡದಿಂದಲೋ ಗುಡಿಯ ಮಾಳಿಗೆಯಿಂದಲೋ ಒಂದು ಅಗಲವಾದ ಶಾಟ್ ತೆಗೆದರೆ ಸಾಕು, ಡ್ರೋನ್ ಬಾಡಿಗೆ ಉಳಿಯಿತು.

ವರದಿಯಲ್ಲಿ ‘ಎಲ್ಲರೂ ಮೆಚ್ಚಿದರು’ ಅಂತ ಬರೆಯಬೇಡಿ. ಹಳೆಯ ಪ್ರತಿ ಅಳಿಸದೆ ಇಟ್ಟುಕೊಂಡು, ಯಾರು ಎಲ್ಲಿ ಎಡವಿದರು, ನೀವು ಏನು ಬದಲಿಸಿದಿರಿ, ಏನನ್ನು ಬೇಕಂತಲೇ ಬದಲಿಸಲಿಲ್ಲ, ಯಾಕೆ, ಅಷ್ಟನ್ನು ಬರೆಯಿರಿ. ಬದಲಿಸಿದ ಪ್ರತಿಯನ್ನು ಹಳಬರಿಗೇ ತೋರಿಸಿದರೆ ಉಪಯೋಗವಿಲ್ಲ, ಅವರಿಗೆ ಈಗ ಕಥೆ ಗೊತ್ತು. ಹೊಸಬರನ್ನು ಹುಡುಕಿ.

ಪ್ರಶ್ನೆ: ನಮ್ಮ ವಿಡಿಯೊ ನೋಡಿದ ಕೆಲವರು ‘ತುಟಿ ಹಾಡಿಗೆ ಕೂಡಲ್ಲ’ ಅಂತಾರೆ. ಕೆಲವರಿಗೆ ಏನೂ ಅನ್ನಿಸಿಲ್ಲ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗೇ ಇದೆ. ಯಾರನ್ನು ನಂಬೋದು?
— ವಿದ್ಯಾರ್ಥಿ, ಹಾಸನ

ಕೂಡಲ್ಲ ಅಂದವರನ್ನು. ನೀವು ಎಡಿಟ್ ಮಾಡುವಾಗ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡಿದ್ದಿರಾ? ಹಾಗಿದ್ದರೆ ಕಾರಣ ಅಲ್ಲೇ ಇರಬಹುದು. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಕಿವಿಗೆ ಬರುತ್ತದೆ. ಅದನ್ನು ಕೇಳಿಕೊಂಡು ನೀವು ಹೊಂದಿಸಿದರೆ ಫೈಲಿನಲ್ಲಿ ಹಾಡು ಚಿತ್ರಕ್ಕಿಂತ ಮುಂದೆ ಹೋಗಿರುತ್ತದೆ. ಸದ್ದು ಮುಂದೆ ಹೋದದ್ದು ಕಣ್ಣಿಗೆ ಬೇಗ ಹೊಡೆಯುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕದಲ್ಲಿ ಸದ್ದು ಸುಮಾರು 45 ಮಿಲಿಸೆಕೆಂಡ್ ಮುಂದಿದ್ದರೇ ಜನರಿಗೆ ಗೊತ್ತಾಗುತ್ತದೆ, ಹಿಂದಿದ್ದರೆ 125ರವರೆಗೂ ಗೊತ್ತಾಗಲ್ಲ. ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, ಅಂದರೆ ಎರಡು ಫ್ರೇಮ್ ಮುಂದೆ ಹೋದರೆ ಸಿಕ್ಕಿಬಿದ್ದಿರಿ. ವೈರ್ ಇರುವ ಇಯರ್‌ಫೋನ್ ಹಾಕಿಕೊಂಡು ‘ಪ’, ‘ಬ’, ‘ಮ’ ಬರುವ ಕಡೆ ನೋಡಿ. ಅಲ್ಲಿ ತುಟಿ ಮುಚ್ಚಲೇಬೇಕು, ಮೋಸ ಮಾಡೋಕೆ ಆಗಲ್ಲ.

ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ಜಾರುತ್ತಿದ್ದರೆ ಅದು ಬೇರೆ ಕಾಯಿಲೆ. ಮೊಬೈಲ್ ಕ್ಯಾಮೆರಾಗಳು ಬಹಳ ಸಲ ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದನ್ನು, ಒಂದೇ ಸಮ ಇಡುವುದಿಲ್ಲ. ಎಡಿಟ್‌ಗೆ ಹಾಕುವ ಮುಂಚೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿಕೊಳ್ಳಿ. ಮತ್ತೆ ಶೂಟ್ ಮಾಡುವುದಾದರೆ ಹಾಡುವವರಿಗೆ ಜೋರಾಗಿ ನಿಜವಾಗಿಯೂ ಹಾಡಲು ಹೇಳಿ. ಬರೀ ತುಟಿ ಆಡಿಸಿದರೆ ಕುತ್ತಿಗೆಯ ನರ ಎದ್ದು ಕಾಣಲ್ಲ, ಫ್ರೇಮ್ ಫ್ರೇಮ್ ಹೊಂದಿದ್ದರೂ ಜನ ‘ಕೂಡಲ್ಲ’ ಅಂತಲೇ ಹೇಳುತ್ತಾರೆ.

ಪ್ರಶ್ನೆ: ಯೂಟ್ಯೂಬ್‌ಗೆ ಹಾಕಿ ಆಗಿದೆ. ಗ್ರಾಫ್ ನೋಡಿದರೆ ಮೊದಲ 20 ಸೆಕೆಂಡಿನಲ್ಲೇ ಅರ್ಧ ಜನ ಹೋಗಿಬಿಟ್ಟಿದ್ದಾರೆ. ಅಲ್ಲಿ ಇರೋದು ಕಾಲೇಜ್ ಲೋಗೊ, ಗೈಡ್ ಹೆಸರು, ಧನ್ಯವಾದಗಳು. ಜೊತೆಗೆ ನಟಿಸಿದ ಹುಡುಗಿಯ ಬಣ್ಣದ ಬಗ್ಗೆ ಕೆಟ್ಟ ಕಾಮೆಂಟ್ ಬರ್ತಿವೆ. ಅದೂ ಫೀಡ್‌ಬ್ಯಾಕ್ ಅಂತ ಸಹಿಸಿಕೊಳ್ಳಬೇಕಾ?
— ವಿದ್ಯಾರ್ಥಿ, ಕಲಬುರಗಿ

ಬೇಡ. ಖಂಡಿತ ಬೇಡ. ಅದು ವಿಡಿಯೊ ಬಗ್ಗೆ ಏನೂ ಹೇಳುವುದಿಲ್ಲ. ಬೆದರಿಕೆ ಇದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಉಳಿದದ್ದನ್ನು ಅಳಿಸಿ, ಬರೆದವರನ್ನು ಚಾನೆಲ್‌ನಿಂದ ಮರೆಮಾಡಿ, ಆ ಪದಗಳನ್ನು ಯೂಟ್ಯೂಬ್ ಸ್ಟುಡಿಯೊದ ನಿರ್ಬಂಧಿತ ಪದಗಳ ಪಟ್ಟಿಗೆ ಸೇರಿಸಿ. ಇದನ್ನು ಇವತ್ತೇ ಮಾಡಿ, ಆ ಹುಡುಗಿ ಅದನ್ನು ಪ್ರತಿ ಸಲ ಓದುವಂತಾಗಬಾರದು.

ಗ್ರಾಫ್ ಮಾತ್ರ ಸರಿಯಾದದ್ದನ್ನೇ ಹೇಳಿದೆ. ಯೂಟ್ಯೂಬ್‌ನಲ್ಲಿ ಹಾಕಿದ ಫೈಲನ್ನು ತೆಗೆದು ಅದೇ ಲಿಂಕ್‌ನಲ್ಲಿ ಬೇರೆ ಫೈಲ್ ಹಾಕೋಕೆ ಆಗಲ್ಲ. ಆದರೆ ಸ್ಟುಡಿಯೊದ ಎಡಿಟರ್‌ನಲ್ಲಿ ಆ 20 ಸೆಕೆಂಡ್ ಕತ್ತರಿಸಬಹುದು, ಲಿಂಕ್, ವ್ಯೂ, ಕಾಮೆಂಟ್ ಎಲ್ಲ ಹಾಗೇ ಉಳಿಯುತ್ತವೆ. ಹೆಸರುಗಳನ್ನು ವಿವರಣೆಯಲ್ಲಿ ಬರೆಯಿರಿ. ಕಾಲೇಜಿಗೆ ಲೋಗೊ ಬೇಕೇ ಬೇಕು ಅಂದರೆ ಸಲ್ಲಿಸುವ ಪ್ರತಿಯಲ್ಲಿ ಇರಲಿ. ಗ್ರಾಫ್‌ನಲ್ಲಿ ಉಬ್ಬು ಕಂಡರೆ ಅಲ್ಲಿ ಜನ ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದಾರೆ ಅಂತ, ಅದು ಇಷ್ಟವಾಗಿಯೂ ಇರಬಹುದು, ಅರ್ಥವಾಗದೆಯೂ ಇರಬಹುದು. ಯಾವುದು ಅಂತ ಎದುರಿಗೆ ಕೂತ ಮನುಷ್ಯನನ್ನೇ ಕೇಳಬೇಕು. ಮತ್ತೆ ವ್ಯೂ ಕಡಿಮೆ ಇದ್ದಾಗ ಗ್ರಾಫ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ನಾಲ್ಕು ಜನ ಬಸ್ಸಿನಲ್ಲಿ ನೆಟ್‌ವರ್ಕ್ ಹೋಗಿ ಬಿಟ್ಟರೂ ಗೆರೆ ಬೀಳುತ್ತದೆ. ಮುಂದಿನ ಸಲ ಮೊದಲು ‘ಅನ್‌ಲಿಸ್ಟೆಡ್’ ಮಾಡಿ, ಅಂದರೆ ಲಿಂಕ್ ಇದ್ದವರಿಗೆ ಮಾತ್ರ ಸಿಗುವ ಹಾಗೆ ಇಟ್ಟು, ಲಿಂಕ್ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿಯೇ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಆಮೇಲೆ ‘ಕ್ಲಾರಿಟಿ ಇಲ್ಲ’ ಎನ್ನುವ ಅಭಿಪ್ರಾಯವೇ ತುಂಬಿಹೋಗುತ್ತದೆ.

ಪ್ರಶ್ನೆ: ನಮ್ಮ ವಿದ್ಯಾರ್ಥಿಗಳು ಶಿಶುನಾಳ ಶರೀಫರ ಒಂದು ತತ್ವಪದಕ್ಕೆ ವಿಡಿಯೊ ಮಾಡಿದ್ದಾರೆ. ಹಾಡುವ ಹುಡುಗ ಜೀನ್ಸ್ ಹಾಕಿದ್ದಾನೆ. ಹಿರಿಯರು ‘ಇದು ಅವಮರ್ಯಾದೆ’ ಅಂದರು, ಹುಡುಗರು ‘ಇದೇ ಚೆನ್ನಾಗಿದೆ’ ಅಂದರು. ಅರ್ಧ ಅರ್ಧ. ಏನು ಮಾಡಲಿ?
— ಉಪನ್ಯಾಸಕರು, ಗದಗ

ಮತ ಎಣಿಸಬೇಡಿ. ಹಿರಿಯರ ಜೊತೆ ಇನ್ನೊಮ್ಮೆ ಕೂತು, ವಿಡಿಯೊ ನಿಲ್ಲಿಸಿ ನಿಲ್ಲಿಸಿ ‘ಎಲ್ಲಿ, ಯಾವ ಶಾಟ್‌ನಲ್ಲಿ ಬೇಸರ ಆಯ್ತು’ ಅಂತ ಕೇಳಿ. ಜೀನ್ಸ್ ಅಂತ ಹೇಳಿದ್ದರೂ ನಿಜವಾದ ಬೇಸರ ಬೇರೆ ಕಡೆ ಇರಬಹುದು. ಶರೀಫರ ಗದ್ದುಗೆಯ ಮುಂದೆ ಚಪ್ಪಲಿ ಹಾಕಿ ನಿಂತ ಒಂದು ಶಾಟ್ ಇದ್ದರೂ ಸಾಕು, ಇಡೀ ವಿಡಿಯೊ ಮೇಲೆ ಸಿಟ್ಟು ಬರೋಕೆ. ಅದು ಇದ್ದರೆ ತೆಗೆಯಿರಿ, ವಾದ ಬೇಡ. ಹಿಂದೂ ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಜಾಗ ಅದು. ಜೀನ್ಸ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಇರಲಿ. ಬ್ರಾಹ್ಮಣ ಗುರು ಗೋವಿಂದ ಭಟ್ಟರ ಕೈಹಿಡಿದ ಮುಸ್ಲಿಂ ಶಿಷ್ಯ ಶರೀಫರು, ಊರಿನ ಕಟ್ಟುಪಾಡಿಗೆ ಹೆದರಿದವರಲ್ಲ. ಆದರೆ ಹುಡುಗನಿಗೆ ಪದದ ಒಳಗಿನ ಅರ್ಥ ಗೊತ್ತಿದೆಯೇ? ಅದನ್ನು ಪರೀಕ್ಷಿಸೋಕೆ ನಿಮ್ಮ ಕಡೆಯೇ ಜನ ಇದ್ದಾರೆ. ಭಜನಾ ಮೇಳದಲ್ಲಿ ತತ್ವಪದ ಹಾಡುವ ಒಬ್ಬರನ್ನು ಕರೆದು ತೋರಿಸಿ. ಯಾವ ಸಾಲಿನ ಮೇಲೆ ನಗುಮುಖದ ಶಾಟ್ ಬಂದು ಅರ್ಥ ಕೆಟ್ಟಿದೆ ಅಂತ ಅವರು ಹೇಳುವಷ್ಟು ಕರಾರುವಾಕ್ಕಾಗಿ ಬೇರೆ ಯಾರೂ ಹೇಳಲಾರರು. ಅವರ ಒಂದು ಮಾತನ್ನು ಉಳಿದ ಹತ್ತು ಜನರ ಮಾತಿಗಿಂತ ಮೇಲೆ ಇಡಿ.

ಇನ್ನೊಂದು, ನೋಡಿದವರಲ್ಲಿ ಯಾರಾದರೂ ‘ಈ ಟ್ಯೂನ್ ಕ್ಯಾಸೆಟ್‌ನಲ್ಲಿ ಕೇಳಿದ್ದೀನಲ್ಲ’ ಅಂದರೆ ಅಲ್ಲೇ ನಿಲ್ಲಿಸಿ ವಿಚಾರಿಸಿ. ಶರೀಫರು ತೀರಿಕೊಂಡದ್ದು 1889ರಲ್ಲಿ, ಪದಕ್ಕೆ ಹಕ್ಕುಸ್ವಾಮ್ಯ ಇಲ್ಲ. ರಾಗ ಸಂಯೋಜನೆ ಇತ್ತೀಚಿನವರದ್ದಾದರೆ ಅದಕ್ಕೆ ಇದೆ. ನಮ್ಮ ಕಾನೂನಿನಲ್ಲಿ ಸಂಯೋಜಕರು ತೀರಿಕೊಂಡು 60 ವರ್ಷದವರೆಗೂ ಅದು ನಡೆಯುತ್ತದೆ. ಕರೋಕೆ ಟ್ರ್ಯಾಕ್‌ಗೂ ಮಾಲೀಕರು ಇರುತ್ತಾರೆ. ಅನುಮತಿ ಸಿಗದಿದ್ದರೆ ಭಜನಾ ಮೇಳದವರು ಹಾಡುವ ಹಳೆಯ ಧಾಟಿಯನ್ನೇ ಕಲಿತು, ನಿಮ್ಮ ಹುಡುಗರೇ ಏಕತಾರಿ, ದಮಡಿ ಇಟ್ಟುಕೊಂಡು ರೆಕಾರ್ಡ್ ಮಾಡಲಿ. ಟ್ಯೂನ್ ಬದಲಾದರೆ ಲಯ ಬದಲಾಗುತ್ತದೆ, ಎಡಿಟ್ ಪೂರ್ತಿ ಮತ್ತೆ ಕೂರಿಸಬೇಕಾಗುತ್ತದೆ. ಅದಕ್ಕೇ ಈ ಒಂದು ಪ್ರಶ್ನೆಯನ್ನು ಮೊದಲ ರಫ್ ಕಟ್, ಅಂದರೆ ಕಚ್ಚಾ ಎಡಿಟ್, ತೋರಿಸುವಾಗಲೇ ಕೇಳಿಬಿಡಿ.