ಅಪ್ಪ ಯಾಕೆ ಮನೆಯಲ್ಲಿಲ್ಲ ಎಂದು ಅವನಿಗೆ ಗೊತ್ತಿದೆ

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ಮಗಳಿಗೆ 5. ನಾನು, ನನ್ನ ಗಂಡ ಬೇರೆಯಾಗಲು ತೀರ್ಮಾನಿಸಿ ನಾಲ್ಕು ತಿಂಗಳಾಯಿತು. ಅವರು ಬೇರೆ ಮನೆ ಮಾಡಿದ್ದಾರೆ. ಮಕ್ಕಳಿಗೆ ‘ಅಪ್ಪನಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿ, ಅದಕ್ಕೇ ಅಲ್ಲಿರುತ್ತಾರೆ’ ಎಂದಷ್ಟೇ ಹೇಳಿದ್ದೇವೆ. ಭಾನುವಾರ ಬಂದು ಕರೆದುಕೊಂಡು ಹೋಗಿ ಸಂಜೆ ಬಿಟ್ಟುಹೋಗುತ್ತಾರೆ. ಮೊದಲು ಮೆದುವಾಗಿದ್ದ ಮಗ ಈಗ ಸಣ್ಣದಕ್ಕೂ ಸಿಡಿಯುತ್ತಾನೆ, ತಂಗಿಗೆ ಹೊಡೆಯುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಮೊನ್ನೆ ‘ನೀನು ಬರೀ ಸುಳ್ಳು ಹೇಳ್ತೀಯ’ ಎಂದು ನನ್ನ ಮೇಲೇ ಕಿರುಚಿದ. ಶಾಲೆಯಿಂದ ಯಾವ ದೂರೂ ಇಲ್ಲ, ಅಪ್ಪನ ಜೊತೆಗೂ ಚೆನ್ನಾಗಿಯೇ ಇರುತ್ತಾನಂತೆ. ಮಗಳು ಪಾಪ, ಏನೂ ತೊಂದರೆ ಕೊಡುವುದಿಲ್ಲ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಮಾತ್ರ ಮತ್ತೆ ಶುರುವಾಗಿದೆ. ಮನೆಯ ಹಿರಿಯರು ‘ಅವನನ್ನು ಹಾಸ್ಟೆಲಿಗೆ ಹಾಕು, ಸರಿಹೋಗುತ್ತಾನೆ’ ಎನ್ನುತ್ತಾರೆ. ನಿಜ ಹೇಳೋಣವೆಂದರೆ ಇಬ್ಬರೂ ಚಿಕ್ಕವರು. ಗದರಬೇಕೋ, ಸುಮ್ಮನಿರಬೇಕೋ ತೋಚುತ್ತಿಲ್ಲ.
– ಹೆಸರು ಬೇಡ

ಉತ್ತರ: ಮೊದಲು ಹಾಸ್ಟೆಲ್ ಮಾತನ್ನು ಮುಗಿಸಿಬಿಡೋಣ. ಅದು ಈಗ ಬೇಡವೇ ಬೇಡ. ಅಪ್ಪ ಮನೆ ಬಿಟ್ಟು ನಾಲ್ಕು ತಿಂಗಳಾಗಿದೆ. ಇಂಥ ಹೊತ್ತಿನಲ್ಲಿ ಮಗನನ್ನೂ ಕಳಿಸಿದರೆ, ಸಿಟ್ಟು ಮಾಡಿದ್ದಕ್ಕೆ ತನ್ನನ್ನು ಹೊರಗೆ ಹಾಕಿದರು ಎಂದೇ ಅವನು ತಿಳಿಯುತ್ತಾನೆ. ಹಿರಿಯರಿಗೆ ನೀವು ಕಾರಣ ವಿವರಿಸುತ್ತ ಕೂರಬೇಕಾಗಿಲ್ಲ. ‘ಅವನು ನನ್ನ ಹತ್ತಿರವೇ ಇರುತ್ತಾನೆ’ ಎಂದರೆ ಸಾಕು.

ಇನ್ನು ಅವನು ಕಿರುಚಿ ಹೇಳಿದ ಮಾತು. ‘ನೀನು ಬರೀ ಸುಳ್ಳು ಹೇಳ್ತೀಯ.’ ನೀವು ಅದನ್ನು ಎದುರುತ್ತರ ಎಂದುಕೊಂಡಿದ್ದೀರಿ. ನನಗೆ ಅದರಲ್ಲಿ ಅವನ ಸಿಟ್ಟಿನ ಮೂಲವೇ ಕಾಣುತ್ತಿದೆ. ಆಫೀಸಿನ ಕೆಲಸಕ್ಕೆ ಹೋದವರು ತಮ್ಮ ಬಟ್ಟೆಬರೆಯನ್ನೆಲ್ಲ ಒಯ್ಯುವುದಿಲ್ಲ ಎಂಬುದು ಒಂಬತ್ತರ ಹುಡುಗನಿಗೆ ತಿಳಿಯುತ್ತದೆ. ನೀವು ಫೋನಿನಲ್ಲಿ ದನಿ ತಗ್ಗಿಸುವುದು, ಅವನು ಬಂದ ಕೂಡಲೇ ದೊಡ್ಡವರು ಮಾತು ನಿಲ್ಲಿಸುವುದು, ಭಾನುವಾರ ಅಪ್ಪ ಹೊಸಿಲಿನ ಆಚೆಯೇ ನಿಲ್ಲುವುದು ಎಲ್ಲವನ್ನೂ ಅವನು ಗಮನಿಸಿರುತ್ತಾನೆ. ಏನೋ ಆಗಿದೆ ಎಂದು ಗೊತ್ತು, ಕೇಳಿದರೆ ಏನೂ ಆಗಿಲ್ಲ ಎನ್ನುತ್ತಾರೆ. ಈ ಇಕ್ಕಟ್ಟು ದೊಡ್ಡವರನ್ನೇ ಹೈರಾಣು ಮಾಡುತ್ತದೆ. ಚಿಕ್ಕವರೆಂದು ನಿಜವನ್ನು ಮುಚ್ಚಿಟ್ಟರೆ ಅವರ ನೋವು ಕಡಿಮೆಯಾಗುವುದಿಲ್ಲ, ಅವರು ಆ ನೋವನ್ನು ಒಬ್ಬರೇ ಹೊರಬೇಕಾಗುತ್ತದೆ. ಆದ್ದರಿಂದ ಗದರುವುದೋ ಬಿಡುವುದೋ ಎಂಬ ಪ್ರಶ್ನೆ ಆಮೇಲೆ. ಮೊದಲು ನಿಜ ಹೇಳಿ.

ಸಾಧ್ಯವಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತು ಹೇಳಿ. ಮಲಗುವ ಹೊತ್ತಿನಲ್ಲಿ ಬೇಡ, ಶಾಲೆಗೆ ಹೊರಡುವ ಗಡಿಬಿಡಿಯಲ್ಲೂ ಬೇಡ. ರಜೆಯ ದಿನ ಬೆಳಿಗ್ಗೆ ಹೇಳಿದರೆ ಅತ್ತರೂ ಸಿಟ್ಟಾದರೂ ಇಡೀ ದಿನ ನೀವು ಜೊತೆಗಿರುತ್ತೀರಿ. ಮಾತು ಉದ್ದವಾಗುವುದು ಬೇಡ. ‘ಅಪ್ಪ ಅಮ್ಮ ಇನ್ನು ಮೇಲೆ ಬೇರೆ ಬೇರೆ ಮನೆಯಲ್ಲಿ ಇರುತ್ತೇವೆ. ಇದು ದೊಡ್ಡವರ ನಡುವಿನ ವಿಷಯ, ನೀವು ಮಾಡಿದ ಯಾವುದರಿಂದಲೂ ಹೀಗಾಗಿಲ್ಲ. ಆಫೀಸಿನ ಕೆಲಸ ಅಂತ ಹೇಳಿದ್ದು ನಿಜವಲ್ಲ, ನಿಮಗೆ ಬೇಜಾರಾಗುತ್ತೆ ಅಂತ ಹಾಗೆ ಹೇಳಿದ್ದೆವು.’ ಕೊನೆಯ ವಾಕ್ಯವನ್ನು ನುಂಗಬೇಡಿ. ತನ್ನ ಅನುಮಾನ ಸರಿಯಾಗಿತ್ತು ಎಂದು ನಿಮ್ಮ ಬಾಯಿಂದಲೇ ಕೇಳಿದರೆ ಅವನಿಗೆ ಎಷ್ಟೋ ಹಗುರಾಗುತ್ತದೆ.

ಯಾರು ತಪ್ಪು ಮಾಡಿದರು ಎಂಬ ಕಥೆಗೆ ಕೈಹಾಕಬೇಡಿ. ಮಕ್ಕಳಿಗೆ ಬೇಕಾಗಿರುವುದು ಬೇರೆ. ನಾನು ಎಲ್ಲಿ ಮಲಗುವುದು, ಶಾಲೆ ಬದಲಾಗುತ್ತದೆಯೇ, ಅಪ್ಪ ಯಾವತ್ತು ಬರುತ್ತಾರೆ, ತಂಗಿ ನನ್ನ ಜೊತೆಗೇ ಇರುತ್ತಾಳಾ? ಗೊತ್ತಿರುವುದನ್ನು ಖಚಿತವಾಗಿ ಹೇಳಿ. ಇನ್ನೂ ತೀರ್ಮಾನವಾಗದಿದ್ದರೆ ‘ಅದು ಇನ್ನೂ ಗೊತ್ತಿಲ್ಲ, ಗೊತ್ತಾದ ದಿನವೇ ಹೇಳುತ್ತೇನೆ’ ಎನ್ನಿ, ಹಾಗೇ ನಡೆದುಕೊಳ್ಳಿ. ಅಪ್ಪ ವಾಪಸು ಬರುವುದಿಲ್ಲ ಎಂದು ತೀರ್ಮಾನವಾಗಿದ್ದರೆ ‘ನೋಡೋಣ’ ಎಂದು ಆಸೆ ಹುಟ್ಟಿಸಬೇಡಿ. ಇದು ಒಂದೇ ದಿನಕ್ಕೆ ಮುಗಿಯುವ ಮಾತಲ್ಲ. ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದೇ ಉತ್ತರವನ್ನು ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ನಿಜ ಹೇಳಿದ ಮರುದಿನವೇ ಸಿಟ್ಟು ಇಳಿಯುವುದಿಲ್ಲ, ಕೆಲವು ದಿನ ಹೆಚ್ಚಾಗಲೂಬಹುದು. ಸಿಟ್ಟನ್ನು ಹಿಡಿದು ಯೋಚಿಸುವ ಕೆಲಸ ಮಿದುಳಿನ ಮುಂಭಾಗದ್ದು, ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಹಿಡಿಯುತ್ತದೆ. ಹಾಗಿರುವಾಗ ಸಿಡಿದ ಗಳಿಗೆಯಲ್ಲಿ ಬುದ್ಧಿವಾದ ಅವನ ಕಿವಿಗೆ ಇಳಿಯುವುದೇ ಇಲ್ಲ. ತಂಗಿಯ ಮೇಲೆ ಕೈ ಎತ್ತಿದರೆ ಆ ಕೈ ಹಿಡಿಯಿರಿ, ಇಬ್ಬರ ನಡುವೆ ನಿಲ್ಲಿ. ‘ಹೊಡೆಯೋಕೆ ಬಿಡಲ್ಲ. ನಿನಗೆ ತುಂಬಾ ಸಿಟ್ಟು ಬಂದಿದೆ ಅಂತ ನನಗೆ ಗೊತ್ತು.’ ಇಷ್ಟೇ ಹೇಳಿ, ತಗ್ಗಿದ ದನಿಯಲ್ಲಿ. ಸಿಟ್ಟು ಬರುವುದಕ್ಕೆ ಅವನಿಗೆ ಹಕ್ಕಿದೆ, ಹೊಡೆಯುವುದಕ್ಕೆ ಇಲ್ಲ. ಹೊಡೆದು ಇದನ್ನು ಕಲಿಸಲು ಮಾತ್ರ ಹೋಗಬೇಡಿ, ದೊಡ್ಡವರು ಹೊಡೆಯಬಹುದು ಎಂಬುದಷ್ಟೇ ಅವನ ತಲೆಯಲ್ಲಿ ಉಳಿಯುತ್ತದೆ.

ದಿಂಬಿಗೆ ಗುದ್ದಿ ಸಿಟ್ಟು ಹೊರಹಾಕಲಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಮೆರಿಕದ ಮನಃಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ತರಿಸಿದವರನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಕೋಪ, ಸುಮ್ಮನೆ ಕೂತವರ ಕೋಪಕ್ಕಿಂತ ಹೆಚ್ಚಾಗಿತ್ತು. ಅವರು ಕಾಲೇಜು ವಿದ್ಯಾರ್ಥಿಗಳು ನಿಜ, ಆದರೂ ಗುದ್ದುವುದನ್ನು ಅಭ್ಯಾಸ ಮಾಡಿಸಬಾರದು ಎಂಬುದು ಮಕ್ಕಳ ವಿಷಯದಲ್ಲೂ ನನ್ನ ಅಭಿಪ್ರಾಯ. ಅವನು ಓಡಲಿ, ಸೈಕಲ್ ತುಳಿಯಲಿ, ಮುಖಕ್ಕೆ ತಣ್ಣೀರು ಹಾಕಿಕೊಳ್ಳಲಿ, ನಿಮ್ಮ ಪಕ್ಕ ಕೂತು ನಿಧಾನಕ್ಕೆ ಉಸಿರು ಬಿಡಲಿ. ತಣ್ಣಗಾದ ಮೇಲೆ ಎಸೆದದ್ದನ್ನು ಅವನೇ ಎತ್ತಿಡಲಿ, ತಂಗಿಯನ್ನು ಮಾತಾಡಿಸಲಿ. ಅವಮಾನ ಮಾಡದೆ ಇದನ್ನು ಮಾಡಿಸಬಹುದು.

ಶಾಲೆಯಲ್ಲಿ, ಅಪ್ಪನ ಹತ್ತಿರ ಸರಿಯಿದ್ದು ನಿಮ್ಮ ಮುಂದೆ ಮಾತ್ರ ಸಿಡಿಯುವುದು ನಿಮಗೆ ನೋವು ತಂದಿದೆ. ಅಪ್ಪನ ಹತ್ತಿರ ಅವನು ಅಳುಕುತ್ತಲೇ ಇರಬಹುದು. ಹಟ ಮಾಡಿದರೆ ಮುಂದಿನ ಭಾನುವಾರ ಬರದಿದ್ದರೆ ಎಂಬ ಭಯ ಇಂಥ ಮಕ್ಕಳಲ್ಲಿ ಸಾಮಾನ್ಯ. ನೀವು ಬಿಟ್ಟುಹೋಗುವುದಿಲ್ಲ ಎಂಬ ನಂಬಿಕೆ ಇರುವುದರಿಂದ ನಿಮ್ಮ ಮುಂದೆ ಕಟ್ಟೆಯೊಡೆಯುತ್ತದೆ. ಭಾನುವಾರ ಸಂಜೆ ಬಂದ ತಕ್ಷಣ ‘ಅಪ್ಪ ಏನಂದರು, ಯಾರಿದ್ದರು’ ಎಂದು ವಿಚಾರಿಸಬೇಡಿ. ಸ್ವಲ್ಪ ಹೊತ್ತು ಅವನ ಪಾಡಿಗೆ ಬಿಡಿ. ಗಂಡನಿಗೆ ಹೇಳಬೇಕಾದ್ದನ್ನು ನೀವೇ ಹೇಳಿ, ಮಗನ ಕೈಯಲ್ಲಿ ಹೇಳಿಕಳಿಸಬೇಡಿ.

‘ಇನ್ನು ಮೇಲೆ ಮನೆಗೆ ನೀನೇ ಗಂಡಸು’ ಎಂದು ಬಂದವರೆಲ್ಲ ಅವನ ತಲೆ ಸವರಿ ಹೇಳುತ್ತಿದ್ದರೆ ದಯವಿಟ್ಟು ತಡೆಯಿರಿ. ಒಂಬತ್ತು ವರ್ಷದ ಮಗುವಿನ ಮೇಲೆ ಹೊರಿಸುವ ಭಾರವಲ್ಲ ಅದು. ನೀವು ಅಳುವುದನ್ನು ಅವನು ನೋಡಿದರೆ ತಪ್ಪೇನಿಲ್ಲ, ಆದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವನದಾಗಬಾರದು. ಅದಕ್ಕೆ ಗೆಳತಿಯೋ ಅಕ್ಕನೋ ಆಪ್ತಸಮಾಲೋಚಕರೋ ಬೇಕು. ನಾಲ್ಕು ತಿಂಗಳು ಇದನ್ನೆಲ್ಲ ಒಬ್ಬರೇ ಹೊತ್ತಿದ್ದೀರಿ, ನಿಮಗೂ ಒಂದು ಆಸರೆ ಬೇಕು.

ನಿಮ್ಮ ಮಗಳ ಬಗ್ಗೆ ನನಗೆ ಮಗನಷ್ಟೇ ಚಿಂತೆ. ಏನೂ ತೊಂದರೆ ಕೊಡುವುದಿಲ್ಲ ಎಂದು ಬರೆದಿದ್ದೀರಿ. ಐದು ವರ್ಷದ ಮಕ್ಕಳು ಮನೆಯಲ್ಲಿ ನಡೆದ ಕೆಟ್ಟದ್ದಕ್ಕೆಲ್ಲ ತಾವೇ ಕಾರಣ ಎಂದು ನಂಬಿಬಿಡುತ್ತಾರೆ. ಹಟ ಮಾಡಿದ್ದಕ್ಕೆ ಅಪ್ಪ ಹೋದರು, ಗಲಾಟೆ ಮಾಡದೆ ಇದ್ದರೆ ವಾಪಸು ಬರುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. ಅವಳ ಮೌನದ ಹಿಂದೆ ಅಂಥದ್ದೇನಾದರೂ ಇರಬಹುದು. ‘ನಿನ್ನಿಂದ ಹೀಗಾಗಿಲ್ಲ’ ಎಂಬ ಮಾತು ಅವಳಿಗೆ ಬೇರೆಯಾಗಿ, ಮಡಿಲಲ್ಲಿ ಕೂರಿಸಿಕೊಂಡು ಹೇಳಬೇಕು. ಹಾಸಿಗೆ ಒದ್ದೆಯಾದದ್ದಕ್ಕೆ ಬೈಯಬೇಡಿ, ಅಣ್ಣನ ಮುಂದೆ ಆ ಮಾತು ಎತ್ತಬೇಡಿ. ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ; ಮೂತ್ರದ ಸೋಂಕು, ಮಲಬದ್ಧತೆಯಿಂದಲೂ ಹೀಗಾಗುತ್ತದೆ.

ಇಬ್ಬರ ಕ್ಲಾಸ್ ಟೀಚರ್‌ಗೂ ವಿಷಯ ತಿಳಿಸಿ, ವಿವರಗಳು ಬೇಕಿಲ್ಲ. ಊಟ, ಓದು, ಮಲಗುವ ಹೊತ್ತು ಆದಷ್ಟೂ ಮೊದಲಿನಂತೆಯೇ ಇರಲಿ. ನಿಜ ತಿಳಿದು ಒಂದೆರಡು ತಿಂಗಳಾದರೂ ಅವನ ಹೊಡೆತ ನಿಲ್ಲದಿದ್ದರೆ, ನಿದ್ದೆ ಊಟ ಕೆಟ್ಟರೆ, ಶಾಲೆಗೆ ಹೋಗಲು ಒಲ್ಲೆನೆಂದರೆ ಮಕ್ಕಳ ಮನೋವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಕಾಣಿ. ‘ನಾನು ಸತ್ತೋಗ್ತೀನಿ’ ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಹೆದರಿಸಲು ಹೇಳುತ್ತಿದ್ದಾನೆ ಎಂದು ತಳ್ಳಿಹಾಕಬೇಡಿ. ಹೋಗುವಾಗ ನಿಮ್ಮ ಗಂಡನನ್ನೂ ಕರೆಯಿರಿ. ನೀವಿಬ್ಬರೂ ಬೇರೆಯಾಗಿರಬಹುದು, ಅವನ ಅಪ್ಪ ಅಮ್ಮನಾಗಿ ವೈದ್ಯರ ಮುಂದೆ ಒಟ್ಟಿಗೆ ಕೂರಲು ಅದು ಅಡ್ಡಿಯಾಗಬೇಕಿಲ್ಲ.