ಗೃಹಸಾಲದ ಸಬ್ಸಿಡಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಪೀಣ್ಯದ ಕಾರ್ಖಾನೆಯಲ್ಲಿ, ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತೇವೆ. ಇಬ್ಬರದೂ ಸೇರಿ ವರ್ಷಕ್ಕೆ 5.4 ಲಕ್ಷ. 28 ಲಕ್ಷದ ಫ್ಲ್ಯಾಟಿಗೆ 18 ಲಕ್ಷ ಸಾಲ ಮಾಡುವ ಯೋಚನೆಯಿದೆ. ಊರಿನಲ್ಲಿ ಅಪ್ಪನ ಹೆಸರಲ್ಲಿ ಮನೆಯಿದೆ. ಪಿಎಂ ಆವಾಸ್ ಸಬ್ಸಿಡಿ ಸಿಗುತ್ತದೆಯೇ?
– ಓದುಗರು, ದಾಸರಹಳ್ಳಿ

ಉತ್ತರ: ಸಿಗುವ ಅವಕಾಶ ಚೆನ್ನಾಗಿದೆ. 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಪಿಎಂಎವೈ (ಪ್ರಧಾನಮಂತ್ರಿ ಆವಾಸ್ ಯೋಜನೆ) ನಗರ 2.0ರಲ್ಲಿ ಕುಟುಂಬದ ಆದಾಯ 9 ಲಕ್ಷದವರೆಗೆ, ಮನೆಯ ಬೆಲೆ 35 ಲಕ್ಷದವರೆಗೆ, ಸಾಲ 25 ಲಕ್ಷದವರೆಗೆ ಇರಬಹುದು. ಇಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಹಾಗಾಗಿ ಅಪ್ಪನ ಮನೆ ನಿಮಗೆ ಅಡ್ಡಿಯಲ್ಲ. ಆದರೆ ಪಾಲಾಗಿ ಆ ಮನೆಯ ಭಾಗ ನಿಮ್ಮ ಹೆಸರಿಗೆ ಬಂದಿದ್ದರೆ ಮಾತು ಬೇರೆ. ದೇಶದ ಯಾವ ಮೂಲೆಯಲ್ಲಿಯೂ ನಿಮಗೆ ಪಕ್ಕಾ ಮನೆ ಇರಬಾರದು.

ಹಣದ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. 4 ಶೇಕಡಾ ಬಡ್ಡಿ ರಿಯಾಯಿತಿ ಸಿಗುವುದು ಸಾಲದ ಮೊದಲ 8 ಲಕ್ಷಕ್ಕೆ ಮಾತ್ರ, ಅದೂ 12 ವರ್ಷದ ಅವಧಿಯವರೆಗೆ. ಒಟ್ಟು ಹೆಚ್ಚೆಂದರೆ 1.80 ಲಕ್ಷ, ಅಂದರೆ ವರ್ಷಕ್ಕೆ 36,000 ರೂಪಾಯಿಯಂತೆ ಐದು ಕಂತು. ಹಳೆಯ ಯೋಜನೆಯಲ್ಲಿ 2.67 ಲಕ್ಷದವರೆಗೆ ಒಂದೇ ಗಂಟಾಗಿ ಬರುತ್ತಿತ್ತು. ಆ ಲೆಕ್ಕ ತೋರಿಸಿ ಯಾರಾದರೂ ಫ್ಲ್ಯಾಟ್ ಮಾರಲು ಬಂದರೆ ನಂಬಬೇಡಿ. ಈ ಹಣ ಮುಂಗಡ ಪಾವತಿಗೆ ಒದಗುವುದಿಲ್ಲ. ಇಎಂಐ ಕಟ್ಟುವ ಶಕ್ತಿಯನ್ನು ಸಬ್ಸಿಡಿ ಬಿಟ್ಟೇ ಅಳೆದುಕೊಳ್ಳಿ.

ಹಲವರು ಎಡವುವುದು ಇಲ್ಲಿ. ಪ್ರತಿ ಕಂತು ಬಿಡುಗಡೆಯಾಗುವಾಗ ಸಾಲ ಚಾಲ್ತಿಯಲ್ಲಿದ್ದು, ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಲೇಬೇಕು. ಬೋನಸ್ಸೋ ಚೀಟಿ ಹಣವೋ ಬಂತೆಂದು ಮೂರನೇ ವರ್ಷ ದೊಡ್ಡ ಮೊತ್ತ ಕಟ್ಟಿ ಬಾಕಿಯನ್ನು 9 ಲಕ್ಷಕ್ಕೆ ಇಳಿಸಿದರೆ ಉಳಿದ ಕಂತುಗಳು ಕೈತಪ್ಪುತ್ತವೆ.

ಇನ್ನೊಂದು ತೊಡಕು ಆದಾಯದ್ದು. ಬಿಪಿಎಲ್ ಕಾರ್ಡಿಗೆಂದು ನಾಡಕಚೇರಿಯಲ್ಲಿ 1.2 ಲಕ್ಷದೊಳಗಿನ ಆದಾಯ ಪ್ರಮಾಣಪತ್ರ ಮಾಡಿಸಿಕೊಂಡವರು ಬ್ಯಾಂಕಿಗೆ 5.4 ಲಕ್ಷದ ಸಂಬಳದ ಚೀಟಿ ಕೊಡುತ್ತಾರೆ. ಎರಡೂ ತಾಳೆಯಾಗದೆ ಅರ್ಜಿ ನಿಂತುಬಿಡುತ್ತದೆ. ನಿಜವಾದ ಆದಾಯಕ್ಕೆ ಹೊಸ ಪ್ರಮಾಣಪತ್ರ ಮಾಡಿಸಿ. ಮನೆಯನ್ನು ಹೆಂಡತಿಯ ಹೆಸರಿಗೆ ಅಥವಾ ಇಬ್ಬರ ಹೆಸರಿಗೂ ನೋಂದಾಯಿಸಿ. ಅಡ್ವಾನ್ಸ್ ಕೊಡುವ ಮುಂಚೆಯೇ ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ ನೋಡಿ. ಅದು ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ ಬಿ-ಖಾತಾ ಆಗಿದ್ದರೆ ಬಹುತೇಕ ಬ್ಯಾಂಕುಗಳು ಸಾಲವನ್ನೇ ಕೊಡುವುದಿಲ್ಲ, ಸಾಲವಿಲ್ಲದೆ ಈ ಸಬ್ಸಿಡಿಯೂ ಇಲ್ಲ.

ಪ್ರಶ್ನೆ: ಬಾಡಿಗೆ ಕಟ್ಟಲು ಈ ಯೋಜನೆಯಲ್ಲಿ ನೆರವಿದೆಯೇ?
– ಓದುಗರು, ಲಗ್ಗೆರೆ

ಉತ್ತರ: ಕೈಗೆ ಹಣ ಬರುವುದಿಲ್ಲ. 1 ಕೋಟಿ ಮನೆಗಳಿಗೆಂದು ಸರ್ಕಾರ ಎತ್ತಿಟ್ಟಿರುವ 2.30 ಲಕ್ಷ ಕೋಟಿ ರೂಪಾಯಿಯಲ್ಲಿ ಬಾಡಿಗೆ ಮನೆಗಳ ಭಾಗವೂ ಇದೆ, ಆದರೆ ಅದು ಹೋಗುವುದು ಅಂಥ ಮನೆ ಕಟ್ಟುವವರಿಗೆ. ಬಾಡಿಗೆದಾರರೇ ತುಂಬಿರುವ ಬೆಂಗಳೂರಿನ ಮಟ್ಟಿಗೆ ಇದು ದೊಡ್ಡ ಕೊರತೆ. ನಿಮ್ಮ ಹೆಸರಲ್ಲಿ ನಿವೇಶನವಿದ್ದು ಕುಟುಂಬದ ಆದಾಯ 3 ಲಕ್ಷದೊಳಗಿದ್ದರೆ, ಮನೆ ಕಟ್ಟಿಕೊಳ್ಳಲು ಕೇಂದ್ರದಿಂದ 1.5 ಲಕ್ಷ, ರಾಜ್ಯದಿಂದ ಕನಿಷ್ಠ 1 ಲಕ್ಷದ ನೆರವಿದೆ. ಅದು ಕೆಲಸ ಮುಂದುವರಿದಂತೆ ಕಂತಿನಲ್ಲಿ ಬರುವುದರಿಂದ, ಪಾಯ ಎಬ್ಬಿಸುವಷ್ಟು ಹಣ ಮೊದಲೇ ಕೈಯಲ್ಲಿರಲಿ.