ಹಳೆಯ ಟಿವಿ ಗೇಮ್ ಆನ್ ಆಗುತ್ತೆ, ಆಟ ಬರಲ್ಲ. ಕ್ಯಾಸೆಟ್ ಊದಿದರೆ ಸರಿಹೋಗುತ್ತಾ?

ಊದಬೇಡಿ. ಚಿಕ್ಕವರಿದ್ದಾಗ ನಾವೆಲ್ಲ ಊದಿದವರೇ. ಆದರೆ ಕೆಲಸ ಮಾಡುತ್ತಿದ್ದದ್ದು ಉಸಿರಲ್ಲ, ಕ್ಯಾಸೆಟ್ ತೆಗೆದು ಮತ್ತೆ ಕೂರಿಸಿದ್ದು. ಉಸಿರಿನ ತೇವಕ್ಕೆ ಕೆಳಗಿನ ಲೋಹದ ಪಟ್ಟಿಗಳು ಇನ್ನಷ್ಟು ಹಾಳಾಗುತ್ತವೆ ಅಷ್ಟೇ. ನಮ್ಮ ಬೆಂಗಳೂರಿನ ಮಳೆಗಾಲದ ಥಂಡಿ ಬೇರೆ ಇದೆಯಲ್ವಾ!

ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ (ಬೇಗ ಆರಿಹೋಗುವ, ಒರೆಸಿ ಸ್ವಚ್ಛ ಮಾಡುವ ದ್ರವ) ಕೇಳಿ. ಕಿವಿಗೆ ಹಾಕೋ ಹತ್ತಿಕಡ್ಡಿಗೆ ಸ್ವಲ್ಪ ತಾಗಿಸಿ, ಪಟ್ಟಿಗಳನ್ನು ಮೇಲಿಂದ ಕೆಳಕ್ಕೆ ಒರೆಸಿ. ಹತ್ತಿಗೆ ಕಪ್ಪು ಹತ್ತುವುದು ನಿಲ್ಲುವ ತನಕ ಕಡ್ಡಿ ಬದಲಿಸುತ್ತಿರಿ. ನನ್ನದೊಂದು ಕ್ಯಾಸೆಟ್‌ಗೆ ಐದು ಕಡ್ಡಿ ಬೇಕಾಯಿತು. ಪೂರ್ತಿ ಒಣಗಿದ ಮೇಲೇ ಹಾಕಿ.

ಆಟ ಸೇವ್ ಆಗುವ ಕೆಲವು ಕ್ಯಾಸೆಟ್‌ಗಳ ಒಳಗೆ ಬಟನ್ ಸೆಲ್ (ಸೇವ್ ಉಳಿಸಿಡುವ, ಗುಂಡಿಯಂಥ ಪುಟ್ಟ ಬ್ಯಾಟರಿ) ಬೆಸುಗೆ ಹಾಕಿರುತ್ತಾರೆ. ಅದನ್ನು ಸುಮ್ನೆ ಕೀಳಬೇಡಿ, ಸೇವ್ ಎಲ್ಲ ಅಳಿಸಿಹೋಗುತ್ತದೆ.